ನಾಡಿನ ಹೆಸರು ಕೂಗಾಗಿ ಬದಲಾದಾಗ



ಟಿ. ನರಸೀಪುರದಿಂದ ತಲಕಾಡಿಗೆ ಹೋಗುವ ದಾರಿಯಲ್ಲಿ ಮುಡುಕುತೊರೆ ಎಂಬ ಊರಿದೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನ ದೇವಸ್ಥಾನ, ಕೆಳಗೆ ಕಾವೇರಿ. ಹೊಳೆ ಇಲ್ಲಿ ಬಾಗಿ ಹರಿಯುವುದರಿಂದಲೇ ಊರಿಗೆ ಈ ಹೆಸರು ಬಂದಿತೆಂದು ಜನ ಹೇಳುತ್ತಾರೆ. ವರ್ಷಕ್ಕೊಮ್ಮೆ ಇಲ್ಲಿ ದನಗಳ ಜಾತ್ರೆ ಸೇರುತ್ತದೆ. ಜೋಡೆತ್ತು ಕೊಳ್ಳಲು ಬಂದ ರೈತ ಎತ್ತಿನ ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ಸುಳಿ ನೋಡುತ್ತಾನೆ. ಮಾರುವವನ ಮಾತು ನೇರವಾಗಿದ್ದರೆ ವ್ಯಾಪಾರ ಕುದುರುತ್ತದೆ.

ಕೆಲವು ದಿನಗಳ ಹಿಂದೆ ಈ ಹೊಳೆಯ ದಡದಲ್ಲಿ ನಿಂತಿದ್ದಾಗ, ಜೊತೆಯಲ್ಲಿದ್ದ ಒಬ್ಬ ಕಾಲೇಜು ಹುಡುಗ ನನ್ನನ್ನು ಕೇಳಿದ: “ಹಝ್ರತ್, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನನಗೊಂದು ವಿಷಯ ಕೊಟ್ಟಿದ್ದಾರೆ. ರಾಷ್ಟ್ರೀಯವಾದ ಎಲ್ಲರನ್ನೂ ಒಳಗೊಳ್ಳುತ್ತದೆಯೋ, ಕೆಲವರನ್ನು ಹೊರಗಿಡುತ್ತದೆಯೋ ಎಂದು. ಹೊರಗಿಡುತ್ತದೆ ಅಂದರೆ ನನ್ನ ಹೆಸರು ನೋಡಿ ದೇಶದ್ರೋಹಿ ಅನ್ನುತ್ತಾರೆ. ಒಳಗೊಳ್ಳುತ್ತದೆ ಅಂದರೆ ನನ್ನ ಮನಸ್ಸೇ ಒಪ್ಪುವುದಿಲ್ಲ. ನಾನು ಏನು ಹೇಳಲಿ?”

ಇದು ಆ ಹುಡುಗನೊಬ್ಬನ ಪ್ರಶ್ನೆಯಲ್ಲ. ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವ ಅನೇಕ ಮಕ್ಕಳು ಇದನ್ನು ನುಂಗಿಕೊಂಡು ಓಡಾಡುತ್ತಿದ್ದಾರೆ. ಕೆಲವರು ಭಯದಿಂದ ಅಗತ್ಯಕ್ಕಿಂತ ಹೆಚ್ಚು ಗಟ್ಟಿಯಾಗಿ ಜೈಕಾರ ಹಾಕುತ್ತಾರೆ. ಕೆಲವರು ಸಿಟ್ಟಿನಿಂದ, ಈ ನಾಡಿಗೂ ನಮಗೂ ಏನು ಸಂಬಂಧ ಎನ್ನುತ್ತಾರೆ. ಎರಡೂ ದಾರಿ ಸರಿಯಲ್ಲ. ಮೂರನೆಯ ದಾರಿಯೊಂದಿದೆ. ಅದನ್ನು ಕುರ್‌ಆನ್ ಮತ್ತು ಪ್ರವಾದಿ(ಸ)ರವರ ಜೀವನ ನಮಗೆ ತೋರಿಸಿಕೊಡುತ್ತವೆ.

ಹೆಸರು ಯಾತಕ್ಕೆ?

ಸೂರಃ ಅಲ್‌ಹುಜುರಾತ್‌ನ ಹದಿಮೂರನೆಯ ಸೂಕ್ತದಲ್ಲಿ ಅಲ್ಲಾಹನು ಸಂಬೋಧಿಸುವುದು ಮುಸ್ಲಿಮರನ್ನು ಮಾತ್ರವಲ್ಲ, ಸಕಲ ಮಾನವರನ್ನು. ನಿಮ್ಮೆಲ್ಲರನ್ನೂ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀಯಿಂದ ಸೃಷ್ಟಿಸಿದ್ದೇನೆ, ನೀವು ಪರಸ್ಪರ ಗುರುತಿಸಿಕೊಳ್ಳಲೆಂದು ಜನಾಂಗಗಳನ್ನೂ ಗೋತ್ರಗಳನ್ನೂ ಮಾಡಿದ್ದೇನೆ, ನಿಮ್ಮಲ್ಲಿ ಹೆಚ್ಚು ಗೌರವಾರ್ಹನು ಹೆಚ್ಚು ದೇವಭಯವುಳ್ಳವನೇ ಆಗಿದ್ದಾನೆ ಎಂಬುದು ಆ ಸೂಕ್ತದ ತಾತ್ಪರ್ಯ.

ಇಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, ಜನಾಂಗಗಳಿರುವುದು ತಪ್ಪಲ್ಲ. ಅವು ಅಲ್ಲಾಹನೇ ಮಾಡಿದ ವೈವಿಧ್ಯ. ಕನ್ನಡಿಗ, ತಮಿಳ, ಅರಬ, ಹಬಶಿ ಎಂಬ ಹೆಸರುಗಳನ್ನು ಅಳಿಸಿಹಾಕಲು ಇಸ್ಲಾಮ್ ಬಂದಿಲ್ಲ. ಎರಡು, ಆ ಹೆಸರುಗಳ ಉದ್ದೇಶ ಗುರುತು. ಮೇಲು ಕೀಳನ್ನು ತೂಗುವ ತಕ್ಕಡಿ ಅವಲ್ಲ. ಆ ತಕ್ಕಡಿ ಅಲ್ಲಾಹನ ಕೈಯಲ್ಲಿದೆ.

ಹಾಗಾದರೆ ತಪ್ಪಾಗುವುದು ಎಲ್ಲಿ? ಇದಕ್ಕೆ ಉತ್ತರ ಪ್ರವಾದಿ(ಸ)ರವರ ಕಾಲದ ಒಂದು ಘಟನೆಯಲ್ಲಿದೆ. ಬನೂ ಮುಸ್ತಲಿಕ್ ದಂಡಯಾತ್ರೆಯ ಸಂದರ್ಭ. ಮುರೈಸೀ ಎಂಬ ನೀರಿನ ತಾಣದ ಬಳಿ ಇಬ್ಬರಿಗೆ ಜಗಳವಾಯಿತು. ಒಬ್ಬನು ಮಕ್ಕಾದಿಂದ ವಲಸೆ ಬಂದ ಮುಹಾಜಿರರ ಕಡೆಯವನು, ಇನ್ನೊಬ್ಬನು ಮದೀನಾದ ಅನ್ಸಾರರ ಕಡೆಯವನು. ಮೈಕೈ ಮುಟ್ಟುವ ತನಕ ಹೋಯಿತು. ಆಗ ಒಬ್ಬನು, ಓ ಅನ್ಸಾರರೇ ಬನ್ನಿ ಎಂದು ಕೂಗಿದ. ಇನ್ನೊಬ್ಬನು, ಓ ಮುಹಾಜಿರರೇ ಬನ್ನಿ ಎಂದು ಕೂಗಿದ. ಎರಡೂ ಕಡೆ ಜನ ಸೇರತೊಡಗಿದರು. ಇದನ್ನು ಕೇಳಿದ ಪ್ರವಾದಿ(ಸ)ರವರು, ಇದೇನು ಅಜ್ಞಾನಕಾಲದ ಕೂಗು, ಇದನ್ನು ಬಿಟ್ಟುಬಿಡಿ, ಇದು ದುರ್ನಾತ ಬೀರುವ ವಸ್ತು ಎಂದು ತಡೆದರು.

ಸ್ವಲ್ಪ ಯೋಚಿಸಿ. ಮುಹಾಜಿರ್, ಅನ್ಸಾರ್ ಎಂಬವು ಕೆಟ್ಟ ಹೆಸರುಗಳೇ? ಖಂಡಿತ ಅಲ್ಲ. ಕುರ್‌ಆನ್ ಸ್ವತಃ ಪ್ರಶಂಸೆಯಿಂದ ಸ್ಮರಿಸಿದ ಹೆಸರುಗಳವು. ಒಂದು, ಸತ್ಯಕ್ಕಾಗಿ ಮನೆಮಾರು ತೊರೆದವರ ಹೆಸರು. ಇನ್ನೊಂದು, ಹಾಗೆ ಬಂದವರಿಗೆ ತಮ್ಮ ಮನೆಯ ಬಾಗಿಲು ತೆರೆದವರ ಹೆಸರು. ಇಷ್ಟು ಪವಿತ್ರವಾದ ಹೆಸರುಗಳು ಕೂಡ, ಯಾರದು ನ್ಯಾಯ ಎಂದು ಕೇಳದೆ ನಮ್ಮವರೆಲ್ಲ ಬನ್ನಿ ಎಂದು ಕರೆಯುವ ಕೂಗಾದ ಕ್ಷಣದಲ್ಲೇ ನಾತ ಬೀರತೊಡಗಿದವು. ಹಾಗಿರುವಾಗ ಬೇರೆ ಹೆಸರುಗಳ ಪಾಡೇನು?

ಹುಡುಗನ ಪ್ರಶ್ನೆಗೆ ಉತ್ತರದ ಬೀಗದ ಕೈ ಇಲ್ಲಿದೆ. ನಾಡಿನ ಹೆಸರು ಗುರುತಾಗಿ ಇರುವಷ್ಟು ಕಾಲ ಅದು ಎಲ್ಲರನ್ನೂ ಒಳಗೊಳ್ಳಬಲ್ಲದು. ಅದು ಕೂಗಾಗಿ ಬದಲಾದ ದಿನ ಯಾರನ್ನಾದರೂ ಹೊರಗಿಟ್ಟೇ ತೀರುತ್ತದೆ. ಏಕೆಂದರೆ ಅಂಥ ಕೂಗಿಗೆ ಎದುರಾಳಿಯೊಬ್ಬನು ಬೇಕೇ ಬೇಕು.

ಊರಿನ ಪ್ರೀತಿ ಪಾಪವೇ?

ಕೆಲವರು ಇಸ್ಲಾಮಿನಲ್ಲಿ ನಾಡಪ್ರೇಮಕ್ಕೆ ಸ್ಥಾನವಿಲ್ಲ ಎಂದು ತಿಳಿದಿದ್ದಾರೆ. ಹೊರಗಿನವರು ಹೀಗೆ ಆರೋಪಿಸುತ್ತಾರೆ, ಒಳಗಿನ ಕೆಲವರು ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಪ್ರವಾದಿ(ಸ)ರವರು ಮಕ್ಕಾ ಬಿಟ್ಟು ಹೊರಡುವಾಗ ಆ ಊರಿನ ಕಡೆಗೆ ತಿರುಗಿ, ನೀನು ನನಗೆಷ್ಟು ಪ್ರಿಯವಾದ ಊರು, ನನ್ನ ಜನ ನನ್ನನ್ನು ಹೊರಹಾಕದಿರುತ್ತಿದ್ದರೆ ನಾನು ನಿನ್ನನ್ನು ಬಿಡುತ್ತಿರಲಿಲ್ಲ ಎಂದು ನೊಂದು ನುಡಿದುದನ್ನು ತಿರ್ಮಿದಿಯ ಹದೀಸ್ ತಿಳಿಸುತ್ತದೆ. ತನ್ನನ್ನು ಕೊಲ್ಲಲು ಹವಣಿಸಿದವರು ತುಂಬಿದ್ದ ಊರು ಅದು. ಆದರೂ ಊರಿನ ಮೇಲಿನ ಪ್ರೀತಿ ಆರಲಿಲ್ಲ.

ಇನ್ನೊಮ್ಮೆ ಸಹಾಬಿಯೊಬ್ಬರು, ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯತ್, ಅಂದರೆ ಪಕ್ಷಾಂಧತೆ, ಆಗುತ್ತದೆಯೇ ಎಂದು ಕೇಳಿದರು. ಪ್ರವಾದಿ(ಸ)ರವರು, ಇಲ್ಲ, ತನ್ನ ಜನರ ಅಕ್ರಮಕ್ಕೆ ನೆರವಾಗುವುದೇ ಅಸಬಿಯ್ಯತ್ ಎಂದು ಉತ್ತರಿಸಿದರು. ಎಷ್ಟು ಸ್ಪಷ್ಟವಾದ ಗೆರೆ! ಪ್ರೀತಿ ಗೆರೆಯ ಈಚೆಗಿದೆ, ಅಕ್ರಮದಲ್ಲಿ ಕೈಜೋಡಿಸುವುದು ಆಚೆಗಿದೆ. ಇಂಥ ಪಕ್ಷಾಂಧತೆಯ ಕಡೆಗೆ ಕರೆಯುವವನು ನಮ್ಮವನಲ್ಲ ಎಂದೂ ಪ್ರವಾದಿ(ಸ)ರವರು ಎಚ್ಚರಿಸಿದ್ದಾರೆ.

ನಮ್ಮ ಹೊಳೆಯ ದಡದಲ್ಲೇ ನಡೆದದ್ದು

ಮುರೈಸೀಯ ಜಗಳ ನೀರಿನ ಬಳಿ ಹುಟ್ಟಿತ್ತು. ನಮ್ಮ ನಾಡಿನಲ್ಲೂ ಒಂದು ಕೂಗು ನೀರಿನ ಬಳಿಯೇ ಹುಟ್ಟಿತು. ಕಾವೇರಿ ನ್ಯಾಯಮಂಡಳಿಯು 1991ರ ಜೂನ್ 25ರಂದು, ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಸಿಗುವಂತೆ ನೋಡಿಕೊಳ್ಳಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಅದನ್ನು ಗೆಜೆಟ್‌ನಲ್ಲಿ ಪ್ರಕಟಿಸಿದಾಗ ಬೆಂಗಳೂರಿನಲ್ಲಿ ಗಲಭೆ ಭುಗಿಲೆದ್ದಿತು. ಮೈಸೂರು, ಮಂಡ್ಯ ಜಿಲ್ಲೆಗಳಿಗೂ ಹಬ್ಬಿತು. ತಮಿಳು ಮಾತಾಡುವ ಬಡವರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಜೀವಗಳು ಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು. ನೀರಿಗಾಗಿ ನ್ಯಾಯ ಕೇಳುವುದು ರೈತನ ಹಕ್ಕು, ಅದರಲ್ಲಿ ತಪ್ಪಿಲ್ಲ. ಆದರೆ ಗಾರೆ ಕೆಲಸದವನ ಗುಡಿಸಲು ಸುಟ್ಟರೆ ಕಾವೇರಿಯಲ್ಲಿ ನೀರು ಏರುತ್ತದೆಯೇ?

ಆಗ ನಾನು ಇದೇ ಜಿಲ್ಲೆಯ ಒಂದು ಸಣ್ಣ ಪಟ್ಟಣದಲ್ಲಿದ್ದೆ. ನಮ್ಮ ಬೀದಿಯ ತುದಿಯಲ್ಲಿ ಒಂದು ತಮಿಳು ಸಂಸಾರವಿತ್ತು. ಗಂಡ ಗಾರೆ ಕೆಲಸ ಮಾಡುತ್ತಿದ್ದ, ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಒಂದು ರಾತ್ರಿ ಇಬ್ಬರೂ ನಮ್ಮ ಮನೆಗೆ ಬಂದು, ಹೊಲಿಗೆ ಯಂತ್ರವನ್ನೂ ಪಾತ್ರೆಗಳ ಒಂದು ಮೂಟೆಯನ್ನೂ ಇಟ್ಟುಕೊಳ್ಳುವಿರಾ ಎಂದು ನನ್ನ ತಂದೆಯನ್ನು ಕೇಳಿದರು. ನಾನು ತಂದೆಯನ್ನು ಒಳಗೆ ಕರೆದು ಪಿಸುಗುಟ್ಟಿದೆ: “ಅಬ್ಬಾ, ಇದು ನಮಗ್ಯಾಕೆ? ಇದು ಕನ್ನಡದವರಿಗೂ ತಮಿಳರಿಗೂ ಆಗುತ್ತಿರುವ ಜಗಳ. ನಾವು ಮಧ್ಯೆ ಹೋದರೆ ನಾಳೆ ನಮ್ಮ ಮೇಲೆ ಬೀಳುತ್ತಾರೆ.”

ತಂದೆ ನನ್ನನ್ನೇ ನೋಡಿದರು. “ಹೊಲಿಗೆ ಮೆಷಿನ್‌ಗೆ ಯಾವ ಭಾಷೆ ಇದೆಯೋ?” ಎಂದರು. ಆಮೇಲೆ ಹೇಳಿದರು: “ಹುಜೂರ್(ಸ) ಮಕ್ಕಾ ಬಿಡುವ ರಾತ್ರಿ ಹಝ್ರತ್ ಅಲಿ(ರ)ಯವರನ್ನು ಯಾಕೆ ಹಿಂದೆ ಬಿಟ್ಟರು ಗೊತ್ತಾ? ಜನ ಇಟ್ಟಿದ್ದ ಅಮಾನತ್ತುಗಳನ್ನು ಹಿಂದಿರುಗಿಸಲಿಕ್ಕೆ. ಅವು ಯಾರ ಅಮಾನತ್ತು? ಅವರನ್ನು ಊರು ಬಿಡಿಸಿದವರದ್ದೇ.” ಅಷ್ಟು ಹೇಳಿ ತಾವೇ ಯಂತ್ರವನ್ನು ಎತ್ತಿ ಒಳಗಿಟ್ಟರು. ಕೆಲವು ವಾರಗಳ ನಂತರ ಗಂಡನೊಬ್ಬನೇ ಬಂದು ಸಾಮಾನು ತೆಗೆದುಕೊಂಡು ಹೋದ. ಅವರು ಮತ್ತೆ ಆ ಬೀದಿಗೆ ಬರಲಿಲ್ಲ.

ಆ ರಾತ್ರಿ ನಾನು ಆಡಿದ ಮಾತು ಪ್ರಾಯದ ಮಾತು ಎಂದು ಮರೆತುಬಿಡಬಹುದಿತ್ತು. ಆದರೆ ಮೂರು ವರ್ಷ ಕಳೆಯುವುದರೊಳಗೆ ಅಲ್ಲಾಹನು ನನಗೆ ಅದನ್ನು ನೆನಪಿಸಿದನು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾಯಿತು. ಕನ್ನಡಕ್ಕೆ ಅನ್ಯಾಯವಾಯಿತೆಂಬ ಕೂಗೆದ್ದಿತು. ಆ ವಾರದಲ್ಲೇ ಬೆಂಗಳೂರಿನಲ್ಲಿ ಗಲಭೆಯಾಗಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೆಂಕಿ ಅದೇ, ಮನೆ ಮಾತ್ರ ಬೇರೆ. 1991ರಲ್ಲಿ ಇದು ನಮ್ಮ ಜಗಳವಲ್ಲ ಎಂದು ನಾನಂದಿದ್ದೆ. 1994ರಲ್ಲಿ ಅದೇ ಮಾತನ್ನು ಬೇರೆ ಯಾರೋ ನಮ್ಮ ಬಗ್ಗೆ ಅಂದಿರಬೇಕು. ಅವರನ್ನು ದೂರುವ ಬಾಯಿ ನನಗಿತ್ತೇ?

ಗಡಿ ಸರಿಯಿತು, ಹೊಳೆ ಸರಿಯಲಿಲ್ಲ

ಮುಡುಕುತೊರೆಯ ಸುತ್ತಮುತ್ತಲನ್ನೇ ನೋಡಿ. ತಲಕಾಡಿನಿಂದ ಹೊಳೆ ದಾಟಿ ಮುಂದೆ ಹೋದರೆ ಕೊಳ್ಳೇಗಾಲ. 1956ರ ತನಕ ಅದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ವರ್ಷದ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಹಿಂದಿನ ದಿನ ಮಲಗಿದ್ದಾಗ ಮದ್ರಾಸಿನವನಾಗಿದ್ದ ರೈತ ಬೆಳಿಗ್ಗೆ ಎದ್ದಾಗ ಮೈಸೂರಿನವನಾಗಿದ್ದ. ಅವನ ಹೊಲ ಅಲ್ಲೇ ಇತ್ತು, ನೆರೆಯವನು ಅವನೇ. ಟಿ. ನರಸೀಪುರ ತಾಲೂಕಿನ ಹಳೆಯ ಶಾಸನಗಳಲ್ಲಿ ಕನ್ನಡದವೂ ಇವೆ, ತಮಿಳಿನವೂ ಇವೆ. ಟಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಪಿಲೆ ಹುಟ್ಟುವುದು ಕೇರಳದ ವಯನಾಡಿನಲ್ಲಿ, ಹರಿದು ಬರುವುದು ನಂಜನಗೂಡಿನ ಮೂಲಕ. ಮುಡುಕುತೊರೆಯಲ್ಲಿ ಬೊಗಸೆಯಲ್ಲಿ ಎತ್ತಿದ ನೀರಿನಲ್ಲಿ ಕೊಡಗಿನದೆಷ್ಟು, ಕೇರಳದದೆಷ್ಟು ಎಂದು ಬೇರ್ಪಡಿಸಬಲ್ಲವರು ಯಾರು?

ಜನರು ಮೂರು ವಸ್ತುಗಳಲ್ಲಿ ಪಾಲುದಾರರು, ನೀರು, ಹುಲ್ಲು ಮತ್ತು ಬೆಂಕಿ ಎಂಬ ಅರ್ಥದ ಹದೀಸ್ ಇದೆ. ಮದೀನಾದಲ್ಲಿ ಸಿಹಿನೀರಿನ ಅಭಾವವಿದ್ದಾಗ ಹಝ್ರತ್ ಉಸ್ಮಾನ್(ರ)ರವರು ರೂಮಾ ಎಂಬ ಬಾವಿಯನ್ನು ತಮ್ಮ ಸ್ವಂತ ಹಣದಿಂದ ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟರು. 2018ರ ಫೆಬ್ರವರಿ 16ರಂದು ಸುಪ್ರೀಮ್ ಕೋರ್ಟು ಕಾವೇರಿಯ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಎಂದು ಹಂಚಿತು. ಅಂತರರಾಜ್ಯ ನದಿಯ ನೀರು ರಾಷ್ಟ್ರದ ಸಂಪತ್ತು, ಯಾವುದೇ ಒಂದು ರಾಜ್ಯ ಅದನ್ನು ತನ್ನದೆಂದು ಸಾಧಿಸುವಂತಿಲ್ಲ ಎಂದೂ ಹೇಳಿತು. ಅಂದರೆ ಇಷ್ಟೆಲ್ಲ ಬೆಂಕಿಯ ನಂತರ ನಾವು ಬಂದು ನಿಂತದ್ದು ಎಲ್ಲಿ? ಪಾಲು ಎಂಬ ಮಾತಿಗೆ. ಆ ಮಾತಿನಿಂದಲೇ ಆರಂಭಿಸಬಹುದಿತ್ತಲ್ಲ!

ಎರಡು ಬಗೆಯ ರಾಷ್ಟ್ರೀಯವಾದ

ಇನ್ನು ದೇಶದ ಮಟ್ಟದಲ್ಲಿ ನೋಡೋಣ. ನಮ್ಮ ಸಂವಿಧಾನವು ಆರಂಭದಲ್ಲಿ ಪೌರತ್ವವನ್ನು ನಿರ್ಣಯಿಸಿದ್ದು ಈ ನೆಲದಲ್ಲಿ ಹುಟ್ಟಿದ್ದು, ಈ ನೆಲದಲ್ಲಿ ನೆಲೆಸಿದ್ದು ಇವುಗಳ ಆಧಾರದಿಂದ. ಧರ್ಮ ಯಾವುದೆಂದು ಕೇಳಲಿಲ್ಲ. ಇದು ಭಾರತೀಯ ಎಂಬ ಹೆಸರನ್ನು ಗುರುತಾಗಿ ಬಳಸುವ ರೀತಿ. ಇದರಲ್ಲಿ ಎಲ್ಲರಿಗೂ ಜಾಗವಿದೆ.

ಇದರ ಪಕ್ಕದಲ್ಲೇ ಇನ್ನೊಂದು ವಿಚಾರ ಬೆಳೆದು ಬಂದಿದೆ. 1923ರಲ್ಲಿ ಸಾವರ್ಕರರು ಪ್ರಕಟಿಸಿದ ಹಿಂದುತ್ವ ಎಂಬ ಪುಸ್ತಕದಲ್ಲಿ, ಈ ದೇಶ ಪಿತೃಭೂಮಿಯಾಗಿದ್ದರೆ ಸಾಲದು, ಪುಣ್ಯಭೂಮಿಯೂ ಆಗಿರಬೇಕು ಎಂಬ ಲಕ್ಷಣವನ್ನು ಹಾಕಲಾಯಿತು. ಅಂದರೆ ಹತ್ತು ತಲೆಮಾರಿನಿಂದ ಇಲ್ಲೇ ಉತ್ತು ಬಿತ್ತಿದವನೂ ನಮಾಝಿನಲ್ಲಿ ಮಕ್ಕಾದ ಕಡೆ ಮುಖ ಮಾಡಿದ ಕಾರಣಕ್ಕೆ ಅರ್ಧ ಹೊರಗಿನವನಾದ. ಇಲ್ಲಿ ಹೆಸರು ಕೂಗಾಯಿತು. ಕಿಬ್ಲಾ ಎಂಬುದು ನಮಾಝಿನ ದಿಕ್ಕೇ ಹೊರತು ಪೌರತ್ವದ ದಿಕ್ಕಲ್ಲ. ಇಡೀ ಭೂಮಿಯನ್ನೇ ತನಗೆ ಮಸೀದಿಯನ್ನಾಗಿ ಮಾಡಲಾಗಿದೆ ಎಂದು ಪ್ರವಾದಿ(ಸ)ರವರು ಹೇಳಿದ್ದಾರೆ. ಸಜ್ದಾಕ್ಕೆ ಹಣೆ ಊರುವ ಈ ನೆಲ ನಮಗೆ ಅನ್ಯವಾಗುವುದು ಹೇಗೆ?

2019ರ ಡಿಸೆಂಬರ್‌ನಲ್ಲಿ ಬಂದ ಪೌರತ್ವ ತಿದ್ದುಪಡಿ ಕಾಯ್ದೆಯು ಮೂರು ನೆರೆದೇಶಗಳಿಂದ ಬಂದವರಲ್ಲಿ ಆರು ಧರ್ಮಗಳನ್ನು ಹೆಸರಿಸಿ, ಇಸ್ಲಾಮನ್ನು ಹೆಸರಿಸದೆ ಬಿಟ್ಟಿತು. ಆಶ್ರಯ ಬೇಡಿ ಬಂದವರಿಗೆ ಬಾಗಿಲು ತೆರೆಯುವುದು ಒಳ್ಳೆಯ ಕೆಲಸ. ಆದರೆ ಬಾಗಿಲಲ್ಲಿ ನಿಂತು ಧರ್ಮ ಕೇಳುವ ಪರಿಪಾಠ ಆರಂಭವಾದದ್ದು ನೋವಿನ ಸಂಗತಿ.

ನಮ್ಮ ಜಿಲ್ಲೆಯಲ್ಲೇ ಇತ್ತೀಚೆಗೆ ಇನ್ನೊಂದು ಪ್ರಸಂಗ ನಡೆಯಿತು. 2017ರಲ್ಲಿ ಕವಿ ನಿಸಾರ್ ಅಹಮದ್ ಮೈಸೂರು ದಸರೆಯನ್ನು ಉದ್ಘಾಟಿಸಿದ್ದರು. 2025ರಲ್ಲಿ ಲೇಖಕಿ ಬಾನು ಮುಷ್ತಾಕ್ ಅವರನ್ನು ಸರಕಾರ ಆಹ್ವಾನಿಸಿದಾಗ ಕೆಲವರು ಆಕ್ಷೇಪಿಸಿ ಕೋರ್ಟಿಗೆ ಹೋದರು. ಹೈಕೋರ್ಟು ಸೆಪ್ಟೆಂಬರ್ 15ರಂದು, ಸುಪ್ರೀಮ್ ಕೋರ್ಟು 19ರಂದು ಆ ಅರ್ಜಿಗಳನ್ನು ತಳ್ಳಿಹಾಕಿದವು. ಆರಾಧನೆಯ ವಿಷಯದಲ್ಲಿ ಮುಸ್ಲಿಮನ ಎಲ್ಲೆ ಸ್ಪಷ್ಟ. ತೌಹೀದನ್ನು ಬಿಟ್ಟುಕೊಟ್ಟು ನಾಡನಿಷ್ಠೆಯನ್ನು ರುಜುಪಡಿಸಬೇಕಾದ ಅಗತ್ಯ ನಮಗಿಲ್ಲ, ನ್ಯಾಯಯುತವಾದ ಯಾವ ನಾಡೂ ಅದನ್ನು ಕೇಳುವುದೂ ಇಲ್ಲ. ಆದರೆ ಆ ಆಕ್ಷೇಪದ ಹಿಂದಿದ್ದ ನಿಜವಾದ ಪ್ರಶ್ನೆ ಬೇರೆ: ನಾಡಹಬ್ಬ ಎಂಬಲ್ಲಿ ನಾಡು ಎಂದರೆ ಯಾರು? ಟಿಪ್ಪು ಸುಲ್ತಾನರ ಆನೆಯ ಕಣ್ಣು ವಾಸಿಯಾಯಿತೆಂಬ ಕಥೆಯನ್ನು ಹೇಳುತ್ತಾ ನಂಜನಗೂಡಿನ ಜನ ಇಂದಿಗೂ ಹಕೀಮ ನಂಜುಂಡ ಎನ್ನುತ್ತಾರೆ. ಅರಬಿ ಮಾತೊಂದು ಅಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಬದುಕಿದೆ. ಜನಸಾಮಾನ್ಯರ ನಾಲಗೆ ವಾದಿಗಳ ನಾಲಗೆಗಿಂತ ವಿಶಾಲವಾಗಿದೆ.

ನಮ್ಮ ಮನೆಯೊಳಗಿನ ಕೂಗು

ಸಹೋದರ ಸಹೋದರಿಯರೇ, ಇಷ್ಟು ಓದಿ, ತಪ್ಪೆಲ್ಲ ಬೇರೆಯವರದು ಎಂಬ ಸಮಾಧಾನ ನಿಮಗಾದರೆ ನಾನು ಬರೆದದ್ದು ವ್ಯರ್ಥ. ನಮ್ಮವರ ಚರಿತ್ರೆಯನ್ನೂ ನೋಡಬೇಕು.

1938ರಲ್ಲಿ ಮೌಲಾನಾ ಹುಸೈನ್ ಅಹ್ಮದ್ ಮದನಿ ಮತ್ತು ಅಲ್ಲಾಮಾ ಇಕ್ಬಾಲ್ ಇವರ ನಡುವೆ ಇದೇ ವಿಷಯದಲ್ಲಿ ಚರ್ಚೆ ನಡೆಯಿತು. ಒಂದು ನಾಡಿನಲ್ಲಿ ಬದುಕುವ ಬೇರೆ ಬೇರೆ ಧರ್ಮದವರು ಸೇರಿ ಒಂದು ಕೌಮ್ ಆಗಬಹುದೆಂದು ಮದನಿಯವರು ವಾದಿಸಿದರು. ದೇಶವನ್ನು ಧರ್ಮದ ಸ್ಥಾನದಲ್ಲಿ ಕೂರಿಸುವ ಅಪಾಯವನ್ನು ಇಕ್ಬಾಲರು ಕಂಡರು. ಇಂದು ಶಾಂತವಾಗಿ ಓದುವವನಿಗೆ ಇಬ್ಬರ ಮಾತಿನಲ್ಲೂ ತಿರುಳು ಕಾಣುತ್ತದೆ. ನಾಡು ಗುರುತಾಗಿ ಎಲ್ಲರನ್ನೂ ಸೇರಿಸಬಲ್ಲದು ಎಂಬುದು ಸತ್ಯ. ಅದೇ ನಾಡು ಪೂಜೆಗೆ ಕೂತರೆ ಮನುಷ್ಯನನ್ನು ನುಂಗುತ್ತದೆ ಎಂಬುದೂ ಸತ್ಯ.

ಆದರೆ ಧರ್ಮದ ಹೆಸರನ್ನೇ ರಾಷ್ಟ್ರದ ಕೂಗನ್ನಾಗಿ ಮಾಡಿದಾಗ ಏನಾಯಿತು? 1947ರಲ್ಲಿ ಮುಸ್ಲಿಮರ ರಾಷ್ಟ್ರವೆಂದು ಪಾಕಿಸ್ತಾನ ಹುಟ್ಟಿತು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ, ಬಂಗಾಳಿ ಭಾಷೆಗೂ ಸ್ಥಾನ ಕೊಡಿ ಎಂದು ಕೇಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1971ರಲ್ಲಿ ಒಂದೇ ಕಿಬ್ಲಾದ ಕಡೆ ಮುಖ ಮಾಡುವವರು ಒಬ್ಬರನ್ನೊಬ್ಬರು ಕೊಂದರು. ಬಾಂಗ್ಲಾದೇಶ ಹುಟ್ಟಿತು. ಅಲ್ಲಿ ಉಳಿದ ಉರ್ದು ಭಾಷಿಕ ಬಿಹಾರಿಗಳು ಶಿಬಿರಗಳ ಪಾಲಾದರು. ಮುಸ್ಲಿಮ್ ಎಂಬ ಹೆಸರು ಕೂಡ ನ್ಯಾಯವನ್ನು ಬಿಟ್ಟು ಕೂಗಾದರೆ ರಕ್ಷಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ದೂರದ ಮಾತು ಬಿಡಿ. ನಮ್ಮ ಮಸೀದಿಗಳ ಕಮಿಟಿಗಳಲ್ಲಿ ಏನಾಗುತ್ತಿದೆ? ಉರ್ದು ಮನೆಮಾತಿನವರು, ಬ್ಯಾರಿಗಳು, ನವಾಯತರು, ಕನ್ನಡವೇ ಮನೆಮಾತಾದ ಹಳ್ಳಿಯ ಪಿಂಜಾರರು ಎಂದು ನಾವು ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುತ್ತೇವೋ, ತೂಗುತ್ತೇವೋ? ಮಗಳ ನಿಕಾಹ್‌ನ ಮಾತು ಬಂದಾಗ ಹುಡುಗನ ದೀನ್ ಮತ್ತು ನಡತೆಯನ್ನು ಮೊದಲು ಕೇಳುತ್ತೇವೋ, ಬಿರಾದರಿಯನ್ನೋ? ಕೆಲಸಕ್ಕೆಂದು ದೂರದ ರಾಜ್ಯದಿಂದ ಬಂದ ಕೂಲಿ ಹುಡುಗ ಜುಮಾದ ದಿನ ನಮ್ಮ ಸಫ್‌ನಲ್ಲಿ ನಿಂತಾಗ ಭುಜಕ್ಕೆ ಭುಜ ಸೇರಿಸುತ್ತೇವೋ, ಸರಿದು ನಿಲ್ಲುತ್ತೇವೋ? ನೆರೆಯ ಹಿಂದೂ ಮನೆಯಲ್ಲಿ ಸಾವಾದಾಗ ಹೋಗಿ ನಿಲ್ಲುತ್ತೇವೋ, ಅದು ಅವರ ಮನೆ ಎನ್ನುತ್ತೇವೋ?

ಒರೆಗಲ್ಲು

ಹಾಗಾದರೆ ಹೆಸರು ಕೂಗಾಗಿದೆಯೇ ಇಲ್ಲವೇ ಎಂದು ಕಂಡುಕೊಳ್ಳುವುದು ಹೇಗೆ? ಸೂರಃ ಅನ್ನಿಸಾದ 105ನೆಯ ಸೂಕ್ತದಿಂದ ಮುಂದಿನ ಭಾಗದ ಹಿನ್ನೆಲೆಯಾಗಿ ತಫ್ಸೀರ್ ಗ್ರಂಥಗಳು ಒಂದು ಪ್ರಸಂಗವನ್ನು ಹೇಳುತ್ತವೆ. ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡ ಒಬ್ಬನು ಕವಚವನ್ನು ಕದ್ದು, ಸಿಕ್ಕಿಬೀಳುವ ಭಯದಿಂದ ಅದನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಅವನ ಕುಲದವರು ಒಟ್ಟಾಗಿ, ನಮ್ಮವನು ನಿರಪರಾಧಿ ಎಂದು ವಾದಿಸಿದರು. ಆಗ ವಹ್ಯ್ ಬಂತು. ವಂಚಕರ ಪರವಾಗಿ ವಾದಿಸಬಾರದೆಂದು ಅಲ್ಲಾಹನು ಆಜ್ಞಾಪಿಸಿದನು. ಯಹೂದಿ ನಿರ್ದೋಷಿಯಾದ. ಆ ಕಾಲದಲ್ಲಿ ಯಹೂದಿಗಳ ಕೆಲವು ಗೋತ್ರಗಳೊಂದಿಗೆ ಮುಸ್ಲಿಮರ ಸಂಬಂಧ ಹದಗೆಟ್ಟಿತ್ತು ಎಂಬುದನ್ನು ನೆನಪಿಡಿ. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ, ನ್ಯಾಯ ಪಾಲಿಸಿರಿ ಎಂಬುದು ಸೂರಃ ಅಲ್‌ಮಾಇದಃದ ಎಂಟನೆಯ ಸೂಕ್ತದ ಬೋಧನೆ.

ಇದೇ ಒರೆಗಲ್ಲು. ನಮ್ಮವನು ತಪ್ಪು ಮಾಡಿದಾಗ ಅದು ತಪ್ಪು ಎನ್ನಲು, ಎದುರಿನವನದು ಸರಿ ಇದ್ದಾಗ ಅದು ಸರಿ ಎನ್ನಲು ಯಾವ ನಾಡಪ್ರೇಮ ನಮಗೆ ಅವಕಾಶ ಕೊಡುತ್ತದೆಯೋ ಅದು ಎಲ್ಲರನ್ನೂ ಒಳಗೊಳ್ಳುವ ನಾಡಪ್ರೇಮ. ಆ ಬಾಯಿಯನ್ನು ಮುಚ್ಚಿಸುವುದೆಲ್ಲ, ಅದರ ಬಾವುಟದ ಬಣ್ಣ ಯಾವುದೇ ಇರಲಿ, ಹೊರಗಿಡುವ ವಾದವೇ. ಸಹೋದರನು ಮರ್ದಿತನಾಗಿದ್ದರೂ ಮರ್ದಕನಾಗಿದ್ದರೂ ನೆರವಾಗು, ಮರ್ದಕನಿಗೆ ನೆರವಾಗುವುದೆಂದರೆ ಅವನ ಕೈ ಹಿಡಿದು ತಡೆಯುವುದು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ದೇಶಕ್ಕೆ ಮಾಡುವ ದೊಡ್ಡ ಸೇವೆಯೂ ಇದೇ. ದೇಶ ತಪ್ಪುವಾಗ ತಡೆಯುವವನು ಅದರ ಶತ್ರುವಲ್ಲ, ಮಗ.

ಆ ಹುಡುಗನಿಗೆ ನಾನು ಹೇಳಿದ್ದಿಷ್ಟು: “ಬೇಟಾ, ಭಯದಿಂದಲೂ ಮಾತಾಡಬೇಡ, ಸಿಟ್ಟಿನಿಂದಲೂ ಮಾತಾಡಬೇಡ. ನಾಡು ಎಂಬ ಹೆಸರಿನಲ್ಲಿ ಎಲ್ಲರಿಗೂ ಜಾಗವಿದೆ, ಆ ಹೆಸರಿನ ಕೂಗಿನಲ್ಲಿ ಯಾರಿಗೂ ನೆಮ್ಮದಿಯಿಲ್ಲ ಎಂದು ಹೇಳು. ನಮಗೆ ಅನ್ಯಾಯವಾದದ್ದನ್ನು ಹೇಳುವ ಮೊದಲು 1991ರಲ್ಲಿ ತಮಿಳರಿಗಾದ ಅನ್ಯಾಯವನ್ನು ಹೇಳು. ಆಗ ನಿನ್ನ ಮಾತನ್ನು ಜನ ನಂಬುತ್ತಾರೆ.” ಅವನು ಸ್ವಲ್ಪ ಹೊತ್ತು ಹೊಳೆಯನ್ನೇ ನೋಡುತ್ತಿದ್ದ. “ಸೋತರೆ?” ಎಂದ. “ಸೋತರೂ ಪರವಾಗಿಲ್ಲ, ನಿಜ ಹೇಳಿ ಸೋಲು” ಎಂದೆ.

ಓದುಗರೇ, ಚರ್ಚಾಸ್ಪರ್ಧೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಬೀದಿಯ ತುದಿಯ ಮನೆಯವರು ಯಾವುದೋ ಒಂದು ರಾತ್ರಿ ನಿಮ್ಮ ಬಾಗಿಲನ್ನೂ ತಟ್ಟಬಹುದು. ಅವರ ಭಾಷೆ ಬೇರೆಯಿರಬಹುದು, ಧರ್ಮ ಬೇರೆಯಿರಬಹುದು. ಆ ಹೊತ್ತು ನಿಮ್ಮ ಮಗ ನಿಮ್ಮನ್ನು ಒಳಗೆ ಕರೆದು, ಇದು ನಮಗ್ಯಾಕೆ ಎಂದು ಪಿಸುಗುಟ್ಟಬಹುದು. ಅವನಿಗೆ ಕೊಡುವ ಉತ್ತರವನ್ನು ಈಗಲೇ ಸಿದ್ಧಪಡಿಸಿಕೊಳ್ಳಿ. ಅಂತ್ಯದಿನದಂದು ಅಲ್ಲಾಹನು ನಮ್ಮ ಗೋತ್ರವನ್ನು ಕೇಳುವುದಿಲ್ಲ, ನಮ್ಮ ಕರ್ಮಗಳನ್ನು ಕೇಳುವನು.

ಅಲ್ಲಾಹನು ನಮ್ಮ ನಾಡಿಗೆ ಶಾಂತಿಯನ್ನೂ ಅದರ ಹೊಲಗಳಿಗೆ ಮಳೆಯನ್ನೂ ನೀಡಲಿ. ನಮ್ಮ ಹೃದಯಗಳಿಂದ ಪಕ್ಷಾಂಧತೆಯನ್ನು ತೊಳೆದುಹಾಕಲಿ. ನಮ್ಮವರ ವಿರುದ್ಧವಾದರೂ ಸತ್ಯದ ಪರ ಸಾಕ್ಷಿ ನಿಲ್ಲುವ ಧೈರ್ಯವನ್ನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.